ಹಳೇ ಬೂಟು ಕಂಪನಿಗಳಿಗೆ ಲೆದರ್ ಮಂದಿ ಮತ್ತೆ ನೆನಪಾಗಿದ್ದಾರೆ. ಬರೀ ನೆನಪು ಸಾಕಾ?

ಮಲ್ಲೇಶ್ವರದ ಹುಡುಗ, ಸ್ಯಾನ್ ಫ್ರಾನ್ಸಿಸ್ಕೋ

ಇಲ್ಲಿ ಬೈಕು, ಬೂಟು, ಚರ್ಮದ ಕೆಲಸ ಅಂದರೆ ಜೀವ ಬಿಡುವವರು ತುಂಬ ಜನ ಇದ್ದೀರಿ. ನನ್ನ ಹಾಗೆ ಗೇ ಆಗಿರುವವರೂ ಇದ್ದೀರಿ. ಎರಡೂ ಕಡೆಯವರು ಓದಲಿ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ. ಲೆದರ್ ಮಂದಿ ಅಂದರೆ ಚರ್ಮದ ಬಟ್ಟೆ, ಬೂಟು ತೊಟ್ಟು ಅದರ ಸುತ್ತ ತಮ್ಮದೇ ಕೂಟ, ತಮ್ಮದೇ ಕಾಮದ ರೀತಿ ಕಟ್ಟಿಕೊಂಡ ಜನ, ಹೆಚ್ಚಿನವರು ಗೇ.

ಕೆಲವು ವರ್ಷಗಳಿಂದ ಹಳೇ ಬ್ರಾಂಡ್‌ಗಳು ಕ್ವಿಯರ್ ಜನರ, ಅಂದರೆ ಗೇ, ಲೆಸ್ಬಿಯನ್, ಟ್ರಾನ್ಸ್ ಎಲ್ಲರ ಕಡೆ ಮುಖ ಮಾಡಿವೆ. ಇಂಗ್ಲೆಂಡಿನ ಬೂಟು ಕಂಪನಿ ಡಾಕ್ಟರ್ ಮಾರ್ಟೆನ್ಸ್ ತನ್ನ 1460 ಬೂಟಿಗೆ ಕಾಮನಬಿಲ್ಲಿನ ಬಣ್ಣ ಸೇರಿಸಿ ಪ್ರೈಡ್ ಬೂಟು ತಂದಿತು. ಕ್ವಿಯರ್ ಹುಡುಗ ಹುಡುಗಿಯರಿಗೆ ಸಹಾಯವಾಣಿ ನಡೆಸುವ ಟ್ರೆವರ್ ಪ್ರಾಜೆಕ್ಟ್‌ಗೆ ದೇಣಿಗೆ ಕೊಟ್ಟಿತು. ಫಿನ್‌ಲೆಂಡಿನ ಫಿನ್ಲೇಸನ್ 1820ರಲ್ಲಿ ಶುರುವಾದ ಬಟ್ಟೆ ಕಂಪನಿ. ಟಾಮ್ ಆಫ್ ಫಿನ್‌ಲೆಂಡ್ ಅಂತ ಹೆಸರಾದ ಕಲಾವಿದ ತೌಕೊ ಲಾಕ್ಸೊನೆನ್ ಬಿಡಿಸಿದ ಗಂಡಸರ ಚಿತ್ರಗಳನ್ನು ಅದು 2014ರಲ್ಲಿ ಹಾಸಿಗೆ ಬಟ್ಟೆಯ ಮೇಲೆ ಅಚ್ಚು ಹಾಕಿಸಿತು. ಅದೇ ವರ್ಷ ಆ ದೇಶದ ಅಂಚೆಯವರು ಅವನ ಚಿತ್ರದ ಸ್ಟಾಂಪನ್ನೇ ತಂದರು. ಬದುಕಿದ್ದಾಗ ಕದ್ದು ಮುಚ್ಚಿ ಹಂಚಬೇಕಾಗಿದ್ದ ಚಿತ್ರಗಳು ಅವು.

ನನಗೆ ಇದರಲ್ಲಿ ಖುಷಿಯೂ ಇದೆ, ಒಂದು ಪ್ರಶ್ನೆಯೂ ಇದೆ. ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೇನೆ ಸಾವಿರಾರು ಜನರನ್ನು ಗೇ ಅಂತ ಹೊರಗೆ ಹಾಕಿತು. ಅವರಿಗೆ ಕೊಟ್ಟ ಆದೇಶ ನೀಲಿ ಕಾಗದದ ಮೇಲಿರುತ್ತಿತ್ತು. ಆ ನೀಲಿ ಕಾಗದ ನೋಡಿದರೆ ಊರಲ್ಲಿ ಕೆಲಸ ಕೊಡುತ್ತಿರಲಿಲ್ಲ. ಎಷ್ಟೋ ಜನ ಊರಿಗೆ ಹೋಗದೆ ಸ್ಯಾನ್ ಫ್ರಾನ್ಸಿಸ್ಕೋದಂಥ ಬಂದರು ಪಟ್ಟಣಗಳಲ್ಲೇ ಉಳಿದರು. ಯುದ್ಧದಿಂದ ಬಂದವರಲ್ಲಿ ಹಲವರಿಗೆ ಮೋಟಾರ್ ಸೈಕಲ್ ಹುಚ್ಚು. 1954ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸಟೈರ್ಸ್ ಅನ್ನುವ ಗೇ ಬೈಕ್ ಕ್ಲಬ್ ಶುರುವಾಯಿತು. ಚರ್ಮದ ಜಾಕೆಟ್ಟು, ಎತ್ತರದ ಕಪ್ಪು ಬೂಟು. ಗೇ ಅಂದರೆ ನಾಜೂಕು, ಅಳುಮುಂಜಿ ಅಂತ ಪತ್ರಿಕೆಗಳು ಬರೆಯುತ್ತಿದ್ದ ಕಾಲ ಅದು. ಇವರು ಬಾಯಿ ಬಿಟ್ಟು ಏನೂ ಹೇಳಬೇಕಾಗಿರಲಿಲ್ಲ, ಬೂಟೇ ಹೇಳುತ್ತಿತ್ತು.

ಆ ಬೂಟುಗಳನ್ನು ಮಾಡಿದ್ದು ಇವರಿಗಾಗಿ ಅಲ್ಲ. ವೆಸ್ಕೊ ಕಂಪನಿಯನ್ನೇ ನೋಡಿ. 1918ರಲ್ಲಿ ಜಾನ್ ಹೆನ್ರಿ ಶೂಮೇಕರ್ ಅದನ್ನು ಕಟ್ಟಿದ್ದು ಆರೆಗಾನ್ ಕಾಡಿನಲ್ಲಿ ಮರ ಕಡಿಯುವವರಿಗೆ. ಚಿಪೆವಾ ಕೂಡ ಮರ ಕಡಿಯುವವರ ಬೂಟೇ, ವಿಸ್ಕಾನ್ಸಿನ್ ಕಡೆಯದು. ಡೆನರ್ ಬೂಟು ಕುದುರೆ ಸವಾರರಿಗೆ, ಬೈಕ್ ಪೊಲೀಸರಿಗೆ. ಅಂಥ ಬೂಟುಗಳನ್ನು ಲೆದರ್ ಗಂಡಸರು ಎದೆಗೆ ಹಚ್ಚಿಕೊಂಡರು. ಟಾಮ್ ಆಫ್ ಫಿನ್‌ಲೆಂಡ್ ಚಿತ್ರ 1957ರಲ್ಲಿ ಮೊದಲ ಸಲ ಅಮೆರಿಕದ ಪತ್ರಿಕೆಯ ಮುಖಪುಟಕ್ಕೆ ಬಂದಾಗ ಅದರಲ್ಲಿ ಇದ್ದವರೂ ಮರದ ದಿಮ್ಮಿ ಸಾಗಿಸುವವರೇ.

ಇಲ್ಲಿ ಸೌತ್ ಆಫ್ ಮಾರ್ಕೆಟ್ ಅಂತ ಒಂದು ಏರಿಯಾ ಇದೆ. 1960ರ ದಶಕದ ಶುರುವಿನಲ್ಲಿ ಅಲ್ಲಿ ಟೂಲ್ ಬಾಕ್ಸ್ ಅನ್ನುವ ಬಾರ್ ತೆರೆಯಿತು. ಅದರ ಗೋಡೆ ತುಂಬ ಚಕ್ ಆರ್ನೆಟ್ ದೊಡ್ಡ ಚಿತ್ರ ಬರೆದಿದ್ದ. 1964ರ ಜೂನ್‌ನಲ್ಲಿ ಲೈಫ್ ಪತ್ರಿಕೆ ಆ ಗೋಡೆಯ ಫೋಟೋವನ್ನು ಎರಡು ಪುಟಕ್ಕೆ ಹರಡಿ ಹಾಕಿತು. ಲೇಖನದ ಧಾಟಿ ಗೇ ಜನರ ಪರ ಏನೂ ಇರಲಿಲ್ಲ. ಆದರೆ ಯಾವುದೋ ಸಣ್ಣ ಊರಿನ ಒಂಟಿ ಹುಡುಗನಿಗೆ ತನ್ನಂಥವರು ಎಲ್ಲಿದ್ದಾರೆ ಅಂತ ಗೊತ್ತಾಯಿತು. ಎಷ್ಟೋ ಜನ ಬಸ್ಸು ಹತ್ತಿ ಬಂದರು.

ಆಮೇಲೆ ಏಡ್ಸ್ ಬಂತು. ಆ ಬೀದಿಗಳು ಖಾಲಿಯಾದವು.

ಇವತ್ತು ಅಲ್ಲೇ ರಿಂಗೋಲ್ಡ್ ಅಂತ ಒಂದು ಓಣಿ ಇದೆ. 2017ರಲ್ಲಿ ಅದನ್ನು ಲೆದರ್ ಜನರ ನೆನಪಿಗೆ ಅಂತ ಮಾಡಿದರು. ಫುಟ್‌ಪಾತ್ ಅಂಚಿನಲ್ಲಿ ಲೋಹದ ಬೂಟಿನ ಹೆಜ್ಜೆಗಳು. 28 ಜನರ ನೆನಪಿಗೆ. ಅಟ್ಟೆಯ ಆಕಾರ, ಹಿಮ್ಮಡಿ ಬೇರೆ, ಮುಂಗಾಲು ಬೇರೆ. ಕೆಳಗೆ ನೋಡಿಕೊಂಡು ನಡೆದರೆ ಮಾತ್ರ ಕಾಣುತ್ತವೆ. ಬಾಗಿ ಒಂದೊಂದನ್ನೇ ಓದಬೇಕು. ನನ್ನ ಗೆಳೆಯರಲ್ಲಿ ಅರವತ್ತು ದಾಟಿದವರು ಒಬ್ಬರಿದ್ದಾರೆ, ಅವರ ಜೊತೆ ಅಲ್ಲಿಗೆ ಹೋದರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಒಂದೊಂದು ಹೆಸರಿಗೂ ಅವರ ಹತ್ತಿರ ಒಂದು ಕತೆ ಇದೆ.

ಈಗ ನನ್ನ ಪ್ರಶ್ನೆ. ಒಂದು ಹಳೇ ಬೂಟು ಕಂಪನಿ ನಮ್ಮ ಕಡೆ ವಾಪಸ್ ಬರುತ್ತದೆ ಅಂದುಕೊಳ್ಳಿ. ಜಾಹೀರಾತಿನಲ್ಲಿ ಒಂದು ಫೋಟೋ, ಒಂದು ಬಣ್ಣದ ಲೇಸು, ಇಷ್ಟು ಸಾಕಾ? ನನ್ನ ಪ್ರಕಾರ ಸಾಲದು. ಆ ಬೂಟಿಗೆ ಮರ್ಯಾದೆ ತಂದುಕೊಟ್ಟವರ ಹೆಸರು ಬರಬೇಕು, ಅವರ ಸಂಸ್ಥೆಗಳಿಗೆ ದುಡ್ಡು ಹೋಗಬೇಕು. ನೀವೇನಂತೀರಿ?

ಬುಲೆಟ್ ಬಸು, ಹುಬ್ಬಳ್ಳಿ

ನಾನು ಗೇ ಅಲ್ಲ. ಬೂಟಿನ ಮೇಲೆ ಪ್ರೀತಿ ಇರುವ ಮನುಷ್ಯ. ಈ ಇತಿಹಾಸ ನನಗೆ ಗೊತ್ತೇ ಇರಲಿಲ್ಲ, ಬರೆದದ್ದಕ್ಕೆ ಥ್ಯಾಂಕ್ಸ್ ಅಣ್ಣ.

ಗೊತ್ತಿಲ್ಲದವರಿಗೆ ಒಂದು ವಿಷಯ. ಬೈಕಿನವರು, ಲೆದರ್ ಮಂದಿ ಹಾಕುವ ಎಂಜಿನಿಯರ್ ಬೂಟು ಅಂತ ಒಂದಿದೆ, ಅದಕ್ಕೆ ಲೇಸು ಇರುವುದಿಲ್ಲ. ಕಾಲು ತೂರಿಸಿ ಎಳೆದುಕೊಳ್ಳಬೇಕು. ಪಾದ ತಿರುಗುವ ಜಾಗದಲ್ಲಿ ಒಂದು ಪಟ್ಟಿ, ಬಕಲ್. ಮೇಲೆ ಬಾಯಿಯ ಹತ್ತಿರ ಇನ್ನೊಂದು. ಲೇಸು ಇಲ್ಲದ್ದರಿಂದ ಅಳತೆ ಸರಿ ಇಲ್ಲದಿದ್ದರೆ ಹಿಮ್ಮಡಿ ಒಳಗೆ ಜಾರುತ್ತದೆ, ಬೊಬ್ಬೆ ಏಳುತ್ತದೆ. ಅದಕ್ಕೇ ಕಾಲಿನ ಅಳತೆ ಕೊಟ್ಟು ಮಾಡಿಸುವವರು ಜಾಸ್ತಿ. ವೆಸ್ಕೊದಲ್ಲಿ ಇವತ್ತಿಗೂ ಹಾಗೆ ಮಾಡಿಕೊಡುತ್ತಾರೆ. ಸವೆದದ್ದನ್ನು ವಾಪಸ್ ಕಳಿಸಿದರೆ ಅಟ್ಟೆ ಬಿಚ್ಚಿ ಹೊಸದು ಹಾಕಿ ಕಳಿಸುತ್ತಾರೆ. ಇಂಥ ಬೂಟನ್ನು ಮೂವತ್ತು ವರ್ಷ ಇಟ್ಟುಕೊಂಡು ನೋಡಿಕೊಳ್ಳುವ ಗಿರಾಕಿ ಸಿಕ್ಕರೆ ಯಾವ ಚಮ್ಮಾರನಿಗೆ ಖುಷಿಯಾಗಲ್ಲ ಹೇಳಿ?

ಉಮಾ, ಲೀಡ್ಸ್

ಡಾಕ್ಟರ್ ಮಾರ್ಟೆನ್ಸ್ ಹೆಸರು ಬಂದಿದ್ದರಿಂದ ಹೇಳಲೇಬೇಕು. ಲೆದರ್ ಅಂದಾಕ್ಷಣ ಬರೀ ಗಂಡಸರ ಮಾತು ಬರುತ್ತದೆ. ಇಲ್ಲಿ ಇಂಗ್ಲೆಂಡಿನಲ್ಲಿ ಆ ಬೂಟು ನಮ್ಮದೂ ಹೌದು. ಸ್ಥಳೀಯ ಆಡಳಿತಗಳು ಸಲಿಂಗ ಪ್ರೀತಿಗೆ ಪ್ರೋತ್ಸಾಹ ಕೊಡಬಾರದು ಅನ್ನುವ ಸೆಕ್ಷನ್ 28 ಕಾನೂನನ್ನು 1988ರಲ್ಲಿ ಥ್ಯಾಚರ್ ಸರ್ಕಾರ ತಂದಾಗ ಬೀದಿಗೆ ಇಳಿದ ಲೆಸ್ಬಿಯನ್ ಹೆಂಗಸರಲ್ಲಿ ಎಷ್ಟೋ ಜನರ ಕಾಲಲ್ಲಿ ಇದೇ ಬೂಟು. ನನಗಿಂತ ಹಿರಿಯರು, ನಾನು ಅಕ್ಕ ಅಂತಲೇ ಕರೆಯುವವರು, ಈ ಕತೆ ಹೇಳುತ್ತಾರೆ. ಸ್ಕರ್ಟು ಹಾಕಿ ಎತ್ತರದ ಹಿಮ್ಮಡಿಯ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೋಗಬೇಕಾಗಿದ್ದವರಿಗೆ, ಓಡಲು ಬರುವಂಥ ಬೂಟು ಹಾಕಿಕೊಳ್ಳುವುದೇ ಒಂದು ಬಿಡುಗಡೆಯಾಗಿತ್ತಂತೆ.

ಇನ್ನೊಂದು ಕಷ್ಟದ ವಿಷಯ. ಇದೇ ಬೂಟನ್ನು ನವ ನಾಜಿ ಸ್ಕಿನ್‌ಹೆಡ್‌ಗಳೂ ಹಾಕುತ್ತಿದ್ದರು. ಅದೇ ಕಾಲಕ್ಕೆ ಲಂಡನ್ನಿನಲ್ಲಿ ಗೇ ಸ್ಕಿನ್‌ಹೆಡ್‌ಗಳೂ ಇದ್ದರು, ಅದೇ ಬೂಟು, ಅದೇ ಬೋಳು ತಲೆ. ಆ ಬಲಪಂಥೀಯ ಗುಂಪಿನ ದೊಡ್ಡ ಮುಖ ಅನ್ನಿಸಿಕೊಂಡಿದ್ದ ಒಬ್ಬ 1992ರಲ್ಲಿ ಟಿವಿಯಲ್ಲಿ ತಾನು ಗೇ ಅಂತ ಹೇಳಿದ, ಆ ರಾಜಕೀಯ ಬಿಟ್ಟೆ ಅಂದ. ಮರುವರ್ಷ ಏಡ್ಸ್‌ನಿಂದ ತೀರಿಕೊಂಡ. ಒಂದು ಕಂಪನಿ ತನ್ನ ಇತಿಹಾಸ ಹೇಳುವುದಾದರೆ ಇದನ್ನೂ ಹೇಳಬೇಕು. ಸುಂದರವಾದ ಭಾಗ ಮಾತ್ರ ಎತ್ತಿಕೊಂಡರೆ ಅದು ಇತಿಹಾಸ ಅಲ್ಲ.

ಇನ್ನು ಕಾರ್ಖಾನೆ. 1460 ಅನ್ನುವ ಹೆಸರೇ 1960ರ ಏಪ್ರಿಲ್ 1ರಿಂದ ಬಂದದ್ದು. ನಾರ್ಥಾಂಪ್ಟನ್‌ಶೈರ್‌ನ ವೊಲಾಸ್ಟನ್ ಊರಿನಲ್ಲಿ ಗ್ರಿಗ್ಸ್ ಮನೆತನದವರು ಮಾಡಿದ್ದು. ಅಂಚೆಯವರು, ಕಾರ್ಖಾನೆ ಕೆಲಸದವರು ಮೊದಲ ಗಿರಾಕಿಗಳು. 2003ರಲ್ಲಿ ಹೆಚ್ಚುಕಡಿಮೆ ಎಲ್ಲ ಉತ್ಪಾದನೆಯೂ ಏಷ್ಯಾಕ್ಕೆ ಹೋಯಿತು. ಈಗ ವೊಲಾಸ್ಟನ್‌ನಲ್ಲಿ ಸ್ವಲ್ಪ ಮಾತ್ರ ಮಾಡುತ್ತಾರೆ. ಹಾಗಾಗಿ "ನಮ್ಮ ಬೇರು" ಅಂತ ಜಾಹೀರಾತು ಬಂದಾಗ ನಾನು ಬೂಟಿನ ಒಳಗೆ ಎಲ್ಲಿ ಮಾಡಿದ್ದು ಅಂತ ಬರೆದಿರುವುದನ್ನು ಮೊದಲು ನೋಡುತ್ತೇನೆ.

ಸೋಮಶೇಖರ್, ಮೈಸೂರು

ನನಗೆ ವಯಸ್ಸಾಗಿದೆ, ನೇರವಾಗಿ ಕೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ. 2018ರಲ್ಲಿ ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ವಿಷಯದಲ್ಲಿ ಕೊಟ್ಟ ತೀರ್ಪನ್ನು ನಾನು ಮನಸಾರೆ ಒಪ್ಪಿದವನು. ನನ್ನ ತಂಗಿಯ ಮಗನೂ ಗೇ. ಆದರೆ ಈ ಲೆದರ್ ಅನ್ನುವುದು ಕೋಣೆಯ ಒಳಗಿನ ವಿಷಯ ಅಲ್ಲವೇ? ಅದನ್ನು ಬೂಟಿನ ಜಾಹೀರಾತಿಗೆ ಯಾಕೆ ತರಬೇಕು?

ಮಲ್ಲೇಶ್ವರದ ಹುಡುಗ

ಸರ್, ನೀವು ಕೇಳಿದ್ದು ಒಳ್ಳೆಯದೇ ಆಯಿತು. ಕಾಮ ಅದರಲ್ಲಿ ಇದೆ, ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅಷ್ಟೇ ಅಲ್ಲ. ನಮ್ಮವರಿಗೆ ಮನೆಯಿಂದ ಹೊರಗೆ ಹಾಕಿಸಿಕೊಂಡಾಗ ಇನ್ನೊಂದು ಮನೆ ಬೇಕಿತ್ತು. ಬೈಕ್ ಕ್ಲಬ್ಬು, ಬಾರು ಆ ಮನೆಯಾದವು. ಏಡ್ಸ್ ಕಾಲದಲ್ಲಿ ಹೆತ್ತವರೇ ಹತ್ತಿರ ಬರದಿದ್ದಾಗ, ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತವರು, ಹಣ ಎತ್ತಿದವರು ಇದೇ ಜನ. ಇಲ್ಲಿ ಲೆದರ್ ಜನ ಸೇರುವ ಫೋಲ್ಸಮ್ ಬೀದಿ ಜಾತ್ರೆ 1984ರಲ್ಲಿ ಶುರುವಾಯಿತು. ಅಲ್ಲಿ ಸೇರುವ ದುಡ್ಡು ಇವತ್ತಿಗೂ ಸೇವಾ ಸಂಸ್ಥೆಗಳಿಗೆ ಹೋಗುತ್ತದೆ.

ಒಪ್ಪಿಗೆ ಇಲ್ಲದೆ ಯಾರನ್ನೂ ಮುಟ್ಟಬಾರದು, ಬೇಡ ಅಂದ ಕ್ಷಣ ನಿಲ್ಲಿಸಬೇಕು ಅನ್ನುವುದನ್ನು ಈ ಜನ ಕೂತು ಮಾತಾಡಿ ನಿಯಮ ಮಾಡಿಕೊಂಡರು. 1974ರಲ್ಲಿ ಇಲ್ಲಿ ಸೊಸೈಟಿ ಆಫ್ ಜೇನಸ್ ಅಂತ ಸಂಘ ಕಟ್ಟಿದವರಲ್ಲಿ ಸಿಂಥಿಯಾ ಸ್ಲೇಟರ್ ಅನ್ನುವ ಹೆಂಗಸು ಮುಖ್ಯಳು. ರಿಂಗೋಲ್ಡ್ ಓಣಿಯ ಬೂಟಿನ ಹೆಜ್ಜೆಗಳಲ್ಲಿ ಅವಳದೂ ಒಂದು ಇದೆ.

ನಿಮ್ಮ ತಂಗಿಯ ಮಗನಿಗೆ ನಿಮ್ಮಂಥ ಮಾವ ಇದ್ದಾರೆ ಅಂತ ಓದಿ ತುಂಬ ಸಂತೋಷವಾಯಿತು ಸರ್.

ಶ್ರೀ, ಶಿಕಾಗೊ

ನಾನು ಇಲ್ಲಿ ಲೆದರ್ ಕೂಟಗಳಲ್ಲಿ ಬೂಟ್‌ಬ್ಲ್ಯಾಕ್ ಆಗಿ ಕೂರುತ್ತೇನೆ. ಬೂಟು ತಿಕ್ಕಿ ಹೊಳಪು ಬರಿಸುವ ಕೆಲಸ. ಎತ್ತರದ ಕುರ್ಚಿಯಲ್ಲಿ ಗಿರಾಕಿ ಕೂರುತ್ತಾರೆ, ನಾನು ಕೆಳಗೆ. ಮೊದಲು ಒಣ ಬ್ರಷ್ಷಿನಿಂದ ಅಟ್ಟೆಯ ಹೊಲಿಗೆ ಸಂದಿನ ಧೂಳು ತೆಗೆಯುತ್ತೇನೆ. ಆಮೇಲೆ ಸ್ಯಾಡಲ್ ಸೋಪು, ನೀರು ಕಮ್ಮಿ, ನೊರೆ ಜಾಸ್ತಿ. ಒರೆಸಿ ಒಣಗಲು ಬಿಡಬೇಕು, ಅವಸರ ಮಾಡಬಾರದು. ನಂತರ ಜೇನುಮೇಣ ಇರುವ ಗ್ರೀಸನ್ನು ಬೆರಳಲ್ಲೇ ಹಚ್ಚುತ್ತೇನೆ. ಬೆರಳಿನ ಬಿಸಿಗೆ ಅದು ಕರಗಿ ಚರ್ಮದ ಒಳಗೆ ಇಳಿಯುತ್ತದೆ. ಪಾದ ಮಡಚುವ ಕಡೆ ಚರ್ಮ ಎಲ್ಲಕ್ಕಿಂತ ಮೊದಲು ಒಡೆಯುತ್ತದೆ, ಅಲ್ಲಿ ಎರಡು ಸಲ. ಕೊನೆಗೆ ಕುದುರೆ ಕೂದಲಿನ ಬ್ರಷ್. ಅಷ್ಟು ಹೊತ್ತೂ ಗಿರಾಕಿ ಮಾತಾಡುತ್ತಲೇ ಇರುತ್ತಾರೆ. ಈ ಬೂಟು ಯಾರದ್ದಾಗಿತ್ತು, ಅವರು ಹೇಗೆ ಹೋದರು, ಇದು ತನ್ನ ಕೈಗೆ ಹೇಗೆ ಬಂತು. ಸತ್ತ ಗೆಳೆಯನ ಬೂಟನ್ನು ಹಾಕಿಕೊಂಡು ಬರುವವರು ಬಹಳ ಜನ.

ಇಲ್ಲಿ 1979ರಿಂದ ಇಂಟರ್‌ನ್ಯಾಷನಲ್ ಮಿಸ್ಟರ್ ಲೆದರ್ ಸ್ಪರ್ಧೆ ನಡೆಯುತ್ತದೆ. 1993ರಿಂದ ಬೂಟ್‌ಬ್ಲ್ಯಾಕ್‌ಗಳಿಗೇ ಒಂದು ಪ್ರಶಸ್ತಿ ಸೇರಿತು. ಲೆದರ್ ಆರ್ಕೈವ್ಸ್ ಅಂಡ್ ಮ್ಯೂಸಿಯಂ ಇರುವುದೂ ಇಲ್ಲೇ. 1991ರಲ್ಲಿ ಚಕ್ ರೆನ್ಸ್ಲೊ ಮತ್ತು ಟೋನಿ ಡಿಬ್ಲೇಸ್ ಕಟ್ಟಿದ್ದು. ಏಡ್ಸ್‌ನಿಂದ ಸತ್ತವರ ಸಾಮಾನನ್ನು ಮನೆಯವರು ನಾಚಿಕೆಯಿಂದ ಕಸಕ್ಕೆ ಹಾಕುತ್ತಿದ್ದ ಕಾಲ ಅದು. ಬೂಟು, ಜಾಕೆಟ್ಟು, ಕ್ಲಬ್ಬಿನ ಬ್ಯಾಡ್ಜು, ಪತ್ರ, ಎಲ್ಲ ಉಳಿಸಲು ಒಂದು ಜಾಗ ಬೇಕಿತ್ತು. ಸಮುದಾಯದವರು ಕೈಯಿಂದ ಕೊಟ್ಟು ಅದನ್ನು ನಡೆಸಿದ್ದಾರೆ. ಯಾವ ಬೂಟು ಕಂಪನಿಗಾದರೂ ನಿಜವಾಗಿ ವಾಪಸ್ ಬರುವ ಮನಸ್ಸಿದ್ದರೆ ವಿಳಾಸ ಗೊತ್ತಿದೆ. ತಮ್ಮ ಹಳೇ ಕ್ಯಾಟಲಾಗು, ಆರ್ಡರ್ ಪುಸ್ತಕ ತಂದು ತೋರಿಸಲಿ. ಗಿರಾಕಿಗಳು ಬರೆದ ಪತ್ರಗಳು ಅವರ ಗೋಡೌನಿನಲ್ಲಿ ಉಳಿದಿದ್ದರೆ ಅದಕ್ಕಿಂತ ದೊಡ್ಡ ಕಾಣಿಕೆ ಬೇರೆ ಇಲ್ಲ.

ಸಮಗಾರರ ಮೊಮ್ಮಗ, ಅಥಣಿ

ಶ್ರೀ ಅವರೇ, ನೀವು ಬರೆದದ್ದನ್ನ ಎರಡು ಸಲ ಓದಿದೆ. ನಿಮ್ಮ ಮೇಲೆ ಗೌರವ ಇದೆ. ಆದರೆ ನನಗೆ ಆದ ಸಂಕಟ ಹೇಳದೆ ಇರಲಾರೆ.

ನಮ್ಮದು ಚಪ್ಪಲಿ ಮಾಡುವ ಮನೆ. ನಮ್ಮಜ್ಜ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮದಲ್ಲಿ ಕಾಲಮರಿ ಮಾಡುತ್ತಿದ್ದರು. ಅವರು ಮಾಡಿದ್ದನ್ನ ಊರೆಲ್ಲ ಮೆಟ್ಟಿದರು, ಅವರನ್ನ ಮಾತ್ರ ಬಾಗಿಲ ಹೊರಗೆ ನಿಲ್ಲಿಸಿದರು. ಇನ್ನೊಬ್ಬರ ಕಾಲ ಬುಡದಲ್ಲಿ ಕೂತು ಅವರ ಬೂಟು ಮುಟ್ಟುವುದು ನಿಮಗೆ ಆಯ್ಕೆ. ನಮ್ಮವರಿಗೆ ಅದು ಹುಟ್ಟಿನಿಂದ ತಲೆ ಮೇಲೆ ಹೇರಿದ್ದು. ಹರಳಯ್ಯ ದಂಪತಿ ತಮ್ಮ ತೊಡೆ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕತೆ ಎಲ್ಲರೂ ಹೇಳುತ್ತಾರೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತು ಅಂತ ಅವರಿಗೆ ಏನು ಶಿಕ್ಷೆ ಕೊಟ್ಟರು ಅನ್ನುವುದನ್ನ ಅಷ್ಟು ಜೋರಾಗಿ ಹೇಳುವುದಿಲ್ಲ.

ಮೂಲದವರಿಗೆ ಹೆಸರು ಸಿಗಬೇಕು ಅಂತ ಚರ್ಚೆ ಶುರು ಮಾಡಿದವರು ಬರೆದರಲ್ಲ, ಅದು ನನಗೆ ಬಹಳ ಹತ್ತಿರದ ಮಾತು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ, ಅಂದರೆ ಭೌಗೋಳಿಕ ಗುರುತಿನಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. 2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮಿಲಾನ್‌ನಲ್ಲಿ ಅದೇ ಥರದ ಚಪ್ಪಲಿ ತೋರಿಸಿತು, ನಮ್ಮ ಹೆಸರು ಹೇಳಲಿಲ್ಲ. ಗಲಾಟೆಯಾದ ಮೇಲೆ ಒಪ್ಪಿಕೊಂಡಿತು. ಆ ವರ್ಷದ ಕೊನೆಗೆ ನಮ್ಮ ಸರ್ಕಾರದ ಚರ್ಮೋದ್ಯಮ ನಿಗಮ ಲಿಡ್ಕರ್, ಮಹಾರಾಷ್ಟ್ರದ ಅಂಥದ್ದೇ ನಿಗಮ ಲಿಡ್ಕಾಂ ಜೊತೆ ಸೇರಿ 2,000 ಜೋಡಿ ಇಲ್ಲೇ ಮಾಡಿಸುವ ಒಪ್ಪಂದಕ್ಕೆ ಬಂತು. ಜನ ಕೇಳಿದ್ದರಿಂದ ಆಯಿತು. ಸುಮ್ನೆ ಕೂತಿದ್ದರೆ ಆಗುತ್ತಿರಲಿಲ್ಲ.

ಶ್ರೀ, ಶಿಕಾಗೊ

ಅಣ್ಣ, ನಿಮ್ಮ ಮಾತು ನೇರ ಎದೆಗೆ ತಾಕಿತು. ನಾನು ಹುಟ್ಟಿದ ಜಾತಿಯಲ್ಲಿ ಯಾರೂ ಇನ್ನೊಬ್ಬರ ಪಾದರಕ್ಷೆ ಮುಟ್ಟಬೇಕಾಗಿ ಬರಲಿಲ್ಲ. ಆ ಕುರ್ಚಿಯ ಕೆಳಗೆ ನಾನು ಖುಷಿಯಿಂದ ಕೂರಲು ಆಗುವುದಕ್ಕೆ ಅದೂ ಒಂದು ಕಾರಣ. ಅಮೆರಿಕದಲ್ಲೂ ಬೂಟು ಪಾಲಿಶ್ ಕೆಲಸವನ್ನು ಬಹುಕಾಲ ಬಡ ಹುಡುಗರ, ಕಪ್ಪು ಜನರ ತಲೆಗೆ ಕಟ್ಟಿದ್ದರು. ಲೆದರ್ ಕೂಟಗಳಲ್ಲೂ ಬಿಳಿಯರದ್ದೇ ಮೇಲುಗೈ ಇತ್ತು, ಕಪ್ಪು ಗೆಳೆಯರು ಅದರ ವಿರುದ್ಧ ಮಾತಾಡಿಯೇ ಜಾಗ ಪಡೆದರು. ಕಂಪನಿಗಳ ಮುಂದೆ ಏನು ಕೇಳಬೇಕು ಅನ್ನುವಾಗ ಹೊಲಿಯುವವರ ಕೂಲಿಯ ಮಾತೂ ಅದರಲ್ಲಿ ಇರಲೇಬೇಕು.

ವಿನಯ್, ಬೆಂಗಳೂರು

ಎಲ್ಲ ಸರಿ, ಆದರೆ ಕಂಪನಿಗಳನ್ನು ಇಷ್ಟು ನಂಬಬೇಡಿ. 2023ರಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗೆ ಬೆದರಿಕೆ ಬಂದಾಗ ಪ್ರೈಡ್ ಸಾಮಾನಿನಲ್ಲಿ ಕೆಲವನ್ನು ತೆಗೆದರು. 2024ರ ಆಗಸ್ಟ್‌ನಲ್ಲಿ ಹಾರ್ಲೆ ಡೇವಿಡ್ಸನ್, ಲೆದರ್ ಜನ ಅಷ್ಟು ವರ್ಷ ಓಡಿಸಿದ ಬೈಕಿನ ಕಂಪನಿ, ಆನ್‌ಲೈನ್ ವಿರೋಧ ಬಂದ ಕೂಡಲೇ ಎಲ್ಲರನ್ನೂ ಒಳಗೆ ಸೇರಿಸಿಕೊಳ್ಳುವ ಕಾರ್ಯಕ್ರಮಗಳಿಂದ ಹಿಂದೆ ಸರಿಯಿತು. ಪ್ರೈಡ್ ತಿಂಗಳು ಅಂತ ಜೂನ್‌ನಲ್ಲಿ ಬಂದು ಜುಲೈನಲ್ಲಿ ಹೋಗುವವರನ್ನು ನೆಂಟರು ಅಂತ ಹೇಗೆ ಕರೆಯುವುದು?

ಉಮಾ, ಲೀಡ್ಸ್

ವಿನಯ್, ನಿಮ್ಮ ಸಿಟ್ಟು ನ್ಯಾಯವೇ. ಆದರೆ ಅದಕ್ಕೇ ನಾವು ಬರೀ ಜಾಹೀರಾತು ನೋಡಿ ಚಪ್ಪಾಳೆ ತಟ್ಟಬಾರದು. ಕಂಪನಿ ಮನಸ್ಸು ಬದಲಿಸಿದರೂ ಮ್ಯೂಸಿಯಂನ ಕಪಾಟಿನಲ್ಲಿ ಇಟ್ಟ ಕಾಗದ ವಾಪಸ್ ಹೋಗುವುದಿಲ್ಲ. ಸಹಾಯವಾಣಿಗೆ ಒಂದು ವರ್ಷ ಕೊಟ್ಟ ದುಡ್ಡಿನಲ್ಲಿ ಆ ವರ್ಷ ಯಾರೋ ಒಂದು ಹುಡುಗಿಯ ಫೋನ್ ಎತ್ತಿರುತ್ತಾರೆ. ಕೇಳುವಾಗ ಇಂಥದ್ದನ್ನೇ ಕೇಳೋಣ.

ಹೊಸ ಬೂಟು, ಬೆಂಗಳೂರು

ನಾನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ವಯಸ್ಸು 22. ಮನೆಯಲ್ಲಿ ನನ್ನ ವಿಷಯ ಹೇಳಿಲ್ಲ. ಮೊದಲ ಸಂಬಳದಲ್ಲಿ ಒಂದು ಜೋಡಿ ಕಪ್ಪು ಬೂಟು ತಗೊಂಡೆ, ನಮ್ಮ ಪ್ರೈಡ್ ನಡಿಗೆಗೆ ಹಾಕಿಕೊಂಡು ಹೋಗಿದ್ದೆ. ಅಮ್ಮನಿಗೆ ಬೈಕಿಗೆ ಅಂತ ಹೇಳಿದ್ದೇನೆ. ಈ ಚರ್ಚೆ ಓದಿದ ಮೇಲೆ ಅದನ್ನು ಹಾಕಿಕೊಂಡವರು ನನಗಿಂತ ಮೊದಲು ಎಷ್ಟು ಜನ ಇದ್ದರು ಅಂತ ಗೊತ್ತಾಯಿತು. ಮಳೆಗಾಲದಲ್ಲಿ ಅದಕ್ಕೆ ಬಿಳೀ ಬೂಷ್ಟು ಬಂದಿದೆ. ಏನು ಮಾಡಲಿ? ಎಸೆಯಲು ಮನಸ್ಸಿಲ್ಲ.

ಬುಲೆಟ್ ಬಸು, ಹುಬ್ಬಳ್ಳಿ

ಎಸೆಯೋದಾ? ಖಂಡಿತ ಬೇಡಪ್ಪ. ಮೊದಲು ಬೂಟನ್ನು ಮನೆ ಹೊರಗೆ ತಗೊಂಡು ಹೋಗಿ ಒಣ ಬ್ರಷ್ಷಿನಿಂದ ಬೂಷ್ಟು ಉದುರಿಸು. ಒಳಗೆ ಉದುರಿಸಿದರೆ ಬೇರೆ ಚಪ್ಪಲಿಗೂ ಹತ್ತುತ್ತದೆ. ವಿನೆಗರ್, ನೀರು ಸಮ ಸಮ ಬೆರೆಸಿ, ಬಟ್ಟೆಯನ್ನು ಅದ್ದಿ ಹಿಂಡಿ ಒರೆಸು. ಕಾಣದ ಒಂದು ಮೂಲೆಯಲ್ಲಿ ಮೊದಲು ಒರೆಸಿ ಬಣ್ಣ ಹೋಗುತ್ತಾ ನೋಡಿಕೋ. ಬಿಸಿಲಿಗೆ ಇಡಬೇಡ, ಚರ್ಮ ಸೆಟೆದುಕೊಂಡು ಬಿರುಕು ಬಿಡುತ್ತದೆ. ಫ್ಯಾನಿನ ಗಾಳಿ ಸಾಕು. ಒಳಗೆ ನ್ಯೂಸ್‌ಪೇಪರ್ ತುರುಕಿ ದಿನಾ ಬದಲಿಸು. ಪೂರ್ತಿ ಒಣಗಿದ ಮೇಲೆ ಮಾತ್ರ ಕ್ರೀಮು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡ. ಬಟ್ಟೆ ಚೀಲ ಒಳ್ಳೆಯದು.

ಸಮಗಾರರ ಮೊಮ್ಮಗ, ಅಥಣಿ

ತಮ್ಮ, ಬಸು ಅವರು ಹೇಳಿದ್ದು ಸರಿ ಇದೆ. ಹೊಲಿಗೆ ದಾರ ಕೊಳೆತಿದೆಯಾ ಅಂತಲೂ ನೋಡು. ಉಗುರಿನಿಂದ ಮೆಲ್ಲಗೆ ಎಳೆದರೆ ಗೊತ್ತಾಗುತ್ತದೆ. ಕೊಳೆತಿದ್ದರೆ ನಿಮ್ಮ ರಸ್ತೆಯಲ್ಲಿ ಕೂರುವ ಚಮ್ಮಾರರ ಹತ್ತಿರ ಹೋಗು, ಮೇಣದ ದಾರದಲ್ಲಿ ಕೈಹೊಲಿಗೆ ಹಾಕಿ ಅಂತ ಹೇಳು, ಅವರು ಕೇಳಿದಷ್ಟು ಕೊಡು. ಅವರಿಗೂ ಬರದಿದ್ದರೆ ನನಗೆ ಬೂಟಿನ ಫೋಟೋ ಕಳಿಸು, ಏನು ಮಾಡಬಹುದು ಅಂತ ನಾನು ನೋಡಿ ಹೇಳುತ್ತೇನೆ.